ಅಣ್ಣ ಯಾವಾಗ ಬ್ಯಾಟಿಂಗಿಗೆ ಬರ್ತಾರೆ? ಕೊಡಗಿನ ಒಂದು ಕ್ರಿಕೆಟ್ ಪ್ರಕರಣ

ಕೊಡಗಿನಲ್ಲಿ ಮನೆಹೆಸರು ಹೇಳಿದರೆ ಸಾಕು, ತೋಟ ಎಲ್ಲಿ, ಅಜ್ಜ ಯಾರು ಎನ್ನುವುದೆಲ್ಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಈ ಬರಹದಲ್ಲಿ ಕುಟುಂಬದ ಹೆಸರಿಲ್ಲ, ಊರಿನ ಹೆಸರಿಲ್ಲ, ವರ್ಷವೂ ಇಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಇದು ಕೊಡವ ಕುಟುಂಬಗಳ ಟೂರ್ನಿಯೋ, ಗೌಡ ಕುಟುಂಬಗಳ ಟೂರ್ನಿಯೋ ಎಂದೂ ಹೇಳುವುದಿಲ್ಲ. ಎರಡೂ ಕಡೆ ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುತ್ತದೆ. ಎರಡೂ ಕಡೆ ಇಂಥ ಒಬ್ಬ ಆಟಗಾರ ಇದ್ದೇ ಇರುತ್ತಾರೆ.

ನಾನು ಫಿಸಿಯೋಥೆರಪಿಸ್ಟ್. ಅವರು ನನ್ನ ಹತ್ತಿರ ಬಂದದ್ದು ಕಾಲುನೋವಿಗೆ. ಊರಿಗೆ ಊರೇ ಅವರನ್ನು ಅಣ್ಣ ಎನ್ನುತ್ತದೆ, ಇಲ್ಲೂ ಹಾಗೇ ಕರೆಯುತ್ತೇನೆ. ಇದನ್ನು ಬರೆಯಲು ಅಣ್ಣನೂ ಒಪ್ಪಿದ್ದಾರೆ, ತಂಡದ ನಾಯಕನೂ ಒಪ್ಪಿದ್ದಾನೆ.

ಹಿನ್ನೆಲೆ

ಅಣ್ಣನಿಗೆ ಆಗ 41 ವರ್ಷ. ಹುಡುಗನಾಗಿದ್ದಾಗ ರಾಜ್ಯದ ಕಿರಿಯರ ತಂಡದಲ್ಲಿ ಆಡಿದವರು. ಆಮೇಲೆ ಕೆಲವು ವರ್ಷ ಬೆಂಗಳೂರಿನ ಲೀಗ್ ಕ್ರಿಕೆಟ್. ರಣಜಿ ತಂಡದ ಬಾಗಿಲವರೆಗೆ ಹೋಗಿದ್ದರು, ಒಳಗೆ ಹೋಗಲಾಗಲಿಲ್ಲ. ತಂದೆಗೆ ಹುಷಾರಿಲ್ಲದಾಗ ಊರಿಗೆ ಬಂದರು, ಕಾಫಿ ತೋಟ ನೋಡಿಕೊಂಡು ಇಲ್ಲೇ ಉಳಿದರು. ಅಲ್ಲಿಂದ ಪ್ರತಿ ಬೇಸಿಗೆ ಕುಟುಂಬದ ತಂಡಕ್ಕೆ ಅವರೇ ಬಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಕೊಡಗಿನ ಕೌಟುಂಬಿಕ ಕ್ರೀಡೆಯಲ್ಲಿ ನಿವೃತ್ತಿ ಎನ್ನುವ ವ್ಯವಸ್ಥೆಯೇ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಉತ್ಸವ ಶುರು ಮಾಡಿದರು. ಅಲ್ಲಿಂದ ಬಂದ ರೂಢಿ ಏನೆಂದರೆ, ತಂಡ ಎಂದರೆ ಮನೆ. ಅಪ್ಪ ಮಗ ಒಟ್ಟಿಗೆ ಆಡುತ್ತಾರೆ, ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದು ಅದೇ ತಂಡದಲ್ಲಿ ಇಳಿಯುತ್ತಾರೆ. ಕೂದಲು ಪೂರ್ತಿ ನೆರೆತವರು ಗೋಲ್ ಕಾಯುವುದೂ ಉಂಟು. ಅದೇ ಈ ಉತ್ಸವದ ಸೊಗಸು. ಆದರೆ ಗೆಲ್ಲಲೇಬೇಕು ಎಂದು ಹೊರಟ ತಂಡಕ್ಕೆ ಇದೇ ತೊಡಕು. ಇಲ್ಲಿ ಆಯ್ಕೆಗಾರ ಎಂದರೆ ದೊಡ್ಡಪ್ಪ. ಕೈಬಿಡಬೇಕಾದ ಆಟಗಾರ ಎಂದರೆ ಚಿಕ್ಕಪ್ಪ. ಈ ಮಾತನ್ನು ಊಟದ ಹೊತ್ತಲ್ಲಿ ಎತ್ತಲಾಗುವುದಿಲ್ಲ, ಹಬ್ಬದ ಹೊತ್ತಲ್ಲಂತೂ ಆಗುವುದೇ ಇಲ್ಲ.

ಅಣ್ಣನ ಹೆಸರಿಗೆ ಒಂದು ಕಥೆ ಅಂಟಿಕೊಂಡಿದೆ. ಹಲವು ವರ್ಷಗಳ ಹಿಂದೆ ಒಂದು ಸೆಮಿಫೈನಲ್‌ನ ಕೊನೆಯ ಓವರ್‌ನಲ್ಲಿ ಸಿಕ್ಸರ್ ಹೊಡೆದು ಗೆಲ್ಲಿಸಿದರು. ಸ್ಕೋರ್ ಪುಸ್ತಕದ ಪ್ರಕಾರ ಎರಡು ಸಿಕ್ಸರ್. ನಾನು ಕೇಳುವ ಹೊತ್ತಿಗೆ ಅದು ನಾಲ್ಕಾಗಿತ್ತು. ಗೋಣಿಕೊಪ್ಪದ ಒಂದು ಅಂಗಡಿಯಲ್ಲಿ ಐದು ಎಂದರು. ಆ ಕಡೆಯ ಬೌಲರ್ ಯಾರು ಎಂದು ಕೇಳಿದರೆ ಮಾತ್ರ ಯಾರಿಗೂ ನೆನಪಿಲ್ಲ.

ಈ ಪ್ರಕರಣ ನಡೆದ ವರ್ಷ ಟೂರ್ನಿಯ ಆತಿಥ್ಯ ಅಣ್ಣನ ಕುಟುಂಬದ್ದೇ. ಮೈದಾನ ಸಮ ಮಾಡಿಸುವುದು, ಗ್ಯಾಲರಿ ಕಟ್ಟಿಸುವುದು, ಊಟ, ಟ್ರೋಫಿ, ಯೂಟ್ಯೂಬ್ ಲೈವ್, ವೀಕ್ಷಕ ವಿವರಣೆ, ಎಲ್ಲದಕ್ಕೂ ದುಡ್ಡು ಬೇಕು. ದುಡ್ಡು ಎತ್ತುವಾಗ ಎಲ್ಲರೂ ಅಣ್ಣನ ಹೆಸರನ್ನೇ ಮುಂದೆ ಇಟ್ಟರು. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸ್ ಬಂತು. ಅದರಲ್ಲಿ ಹೆಲ್ಮೆಟ್ ತೆಗೆದು ಬ್ಯಾಟ್ ಎತ್ತಿದ ಅಣ್ಣ, ಕಡಿಮೆ ಎಂದರೂ ಹತ್ತು ವರ್ಷ ಹಳೆಯ ಫೋಟೋ.

ಸಮಸ್ಯೆ

ಹಿಂದಿನ ವರ್ಷ ಅಣ್ಣ ಚೆನ್ನಾಗಿ ಆಡಿರಲಿಲ್ಲ. ಒಂದು ರನ್ ಕದಿಯಲು ಹೋಗಿ ಎಡಗಾಲಿನ ಮೀನಖಂಡ ಹರಿದುಕೊಂಡಿದ್ದರು. ಹಿಂದಿನಿಂದ ಯಾರೋ ಕಲ್ಲು ಹೊಡೆದರು ಅನ್ನಿಸಿತಂತೆ, ತಿರುಗಿ ನೋಡಿದರೆ ಯಾರೂ ಇಲ್ಲ. ಈ ಗಾಯವಾದವರು ಮುಕ್ಕಾಲು ಪಾಲು ಹೀಗೆಯೇ ಹೇಳುತ್ತಾರೆ. ವೈದ್ಯರು ಇದನ್ನು ಟೆನಿಸ್ ಲೆಗ್ ಎನ್ನುತ್ತಾರೆ, ನಲವತ್ತರ ಆಸುಪಾಸಿನವರಿಗೆ ಇದು ಜಾಸ್ತಿ. ಒಮ್ಮೆ ಹರಿದ ಸ್ನಾಯುವಿಗೆ ಪೂರ್ತಿ ಬಲ ಬರುವ ಮೊದಲೇ ಓಡಿದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ. ಅಣ್ಣ ಅದರ ಮೇಲೆ ನೋವಿನ ಮಾತ್ರೆ ನುಂಗಿ ಇನ್ನೂ ಎರಡು ಪಂದ್ಯ ಆಡಿದ್ದರು.

ಕಾಫಿ ಕುಯ್ಲು ಮುಗಿದು, ರೋಬಸ್ಟಾಗೆ ನೀರು ಹಾಯಿಸುವ ಹೊತ್ತಿಗೆ ನನ್ನ ಹತ್ತಿರ ಬಂದರು. ಅವರ ದೂರು ಕಾಲಿನ ಬಗ್ಗೆ ಕಮ್ಮಿ, ಕಣ್ಣಿನ ಬಗ್ಗೆ ಜಾಸ್ತಿ. "ಬಾಲ್ ಲೇಟಾಗಿ ಕಾಣಿಸ್ತಿದೆ ಡಾಕ್ಟ್ರೇ. ಮೊಬೈಲೂ ದೂರ ಹಿಡಿದು ಓದ್ಬೇಕು." ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅದಕ್ಕೂ ಇಪ್ಪತ್ತೆರಡು ಗಜ ದೂರದ ಬಾಲಿಗೂ ಸಂಬಂಧವಿಲ್ಲ. ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದರು. ತಡವಾಗುತ್ತಿದ್ದದ್ದು ಕಾಲು. ವಯಸ್ಸಾದಂತೆ ಸ್ನಾಯುವಿನಲ್ಲಿ ಮೊದಲು ಸೊರಗುವುದು ವೇಗದ ನಾರುಗಳು. ವೇಗದ ಬೌಲರ್ ಕೈಯಿಂದ ಹೊರಟ ಬಾಲು ಬ್ಯಾಟ್ ತಲುಪಲು ಸುಮಾರು ಅರ್ಧ ಸೆಕೆಂಡ್. ಅಷ್ಟರಲ್ಲಿ ಬಾಲಿನ ಜಾಡು ಹಿಡಿಯುವ ಕೆಲಸವನ್ನು ಅನುಭವ ಮಾಡಿಕೊಡುತ್ತದೆ. ಅಲ್ಲಿಗೆ ಪಾದ ಎತ್ತಿಡುವ ಕೆಲಸ ಮಾತ್ರ ಸ್ನಾಯುವೇ ಮಾಡಬೇಕು. ಅಣ್ಣ ಸರಿಯಾದ ಹೊಡೆತವನ್ನೇ ಆರಿಸುತ್ತಿದ್ದರು, ಅದಕ್ಕೆ ಬೇಕಾದ ಜಾಗಕ್ಕೆ ಹೋಗಿ ನಿಲ್ಲಲು ಆಗುತ್ತಿರಲಿಲ್ಲ.

ಹಿಂದಿನ ವರ್ಷ ಚೆನ್ನಾಗಿ ಆಡದಿದ್ದರೇನು, ಅದರ ಹಿಂದಿನ ವರ್ಷ ಅರ್ಧಶತಕ ಹೊಡೆದಿದ್ದರಲ್ಲ ಎಂದು ಮನೆಯವರು ವಾದಿಸುತ್ತಿದ್ದರು. ಆದರೆ ರಾಹುಲ್ ದ್ರಾವಿಡ್ ಅವರದನ್ನೇ ನೋಡಿ. 2011ರ ಇಂಗ್ಲೆಂಡ್ ಪ್ರವಾಸದಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ ಮೂರು ಶತಕ. ಅದೇ ವರ್ಷದ ಕೊನೆಗೆ ಶುರುವಾದ ಆಸ್ಟ್ರೇಲಿಯಾ ಸರಣಿಯ ಎಂಟು ಇನಿಂಗ್ಸ್‌ಗಳಲ್ಲಿ ಆರು ಸಲ ಬೌಲ್ಡ್. ವಯಸ್ಸಾದಂತೆ ಆಟ ಮೆಟ್ಟಿಲಿಳಿದ ಹಾಗೆ ಇಳಿಯುವುದಿಲ್ಲ. ಕೊನೆಯ ಒಳ್ಳೆಯ ಸೀಸನ್ ಮುಂದಿನ ಸೀಸನ್‌ಗೆ ಗ್ಯಾರಂಟಿ ಕೊಡುವುದಿಲ್ಲ.

ಕುಟುಂಬದವರು ಬೋಪಣ್ಣನ ಹೆಸರನ್ನೂ ತರುತ್ತಿದ್ದರು. ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು ಕೊಡಗಿನ ಮಕ್ಕಳಿಗೂ ಗೊತ್ತು. ಆದರೆ ಅವರ ಮಂಡಿಯಲ್ಲಿ ಕಾರ್ಟಿಲೇಜ್ ಸವೆದುಹೋಗಿತ್ತು, ಅಯ್ಯಂಗಾರ್ ಯೋಗ ಮಾಡಿ ಆಟ ಉಳಿಸಿಕೊಂಡರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಅದು ವರ್ಷವಿಡೀ ಮಾಡುವ ಕೆಲಸ. ನಮ್ಮ ಅಣ್ಣ ವರ್ಷವಿಡೀ ಮಾಡುವುದು ತೋಟದ ಕೆಲಸ. ಏಪ್ರಿಲ್‌ನಲ್ಲಿ ಪ್ಯಾಡ್ ಕಟ್ಟುತ್ತಾರೆ ಅಷ್ಟೇ.

ಮೊದಲ ತಿರುವು: ಡಾಕ್ಟರ್ ಬೇಡ ಅಂದ್ರು

ಅಣ್ಣನನ್ನು ನೋಡಿ ಕಳಿಸಿದ ಮೇಲೆ ಮನೆಯವರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರೂ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದು ಒಂದೇ. ನೀವೇ ಬೇಡ ಅಂದುಬಿಡಿ. "ಡಾಕ್ಟರ್ ಬೇಡ ಅಂದ್ರು" ಎನ್ನುವ ಐದಾರು ಅಕ್ಷರ ಸಿಕ್ಕಿದರೆ ಯಾರೂ ಯಾರ ಮುಖ ನೋಡಿಯೂ ಏನೂ ಹೇಳಬೇಕಾಗಿಲ್ಲ ಅಲ್ವಾ. ಅಣ್ಣನ ಮರ್ಯಾದೆಯೂ ಉಳಿಯುತ್ತದೆ, ನಾಯಕನ ತಲೆಯೂ ಉಳಿಯುತ್ತದೆ.

ನಾನು ಒಪ್ಪಲಿಲ್ಲ. ಕಾರಣ ಸರಳ, ಅದು ನಿಜವಲ್ಲ. ಕೆಲವು ವಾರ ಸರಿಯಾಗಿ ವ್ಯಾಯಾಮ ಮಾಡಿ, ಕೆಲವು ಮಿತಿ ಹಾಕಿಕೊಂಡರೆ ಅವರು ಆಡಬಹುದಿತ್ತು. ಅವರು ತಂಡದ ಹನ್ನೊಂದರಲ್ಲಿ ಇರಬೇಕೇ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವನು ನಾಯಕ. ಗಾಯದ ಹೆಸರಿನಲ್ಲಿ ಒಬ್ಬರನ್ನು ಬಿಟ್ಟರೆ ಮುಂದಿನ ವರ್ಷ ಗಾಯ ವಾಸಿಯಾಗುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ.

ಹಾಗಾಗಿ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ. ಅಣ್ಣನಿಂದ ನಿಮಗೆ ಏನು ಬೇಕು? ಈ ಪ್ರಕರಣದಲ್ಲಿ ಬೇರೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದು ಎಂದು ನನ್ನ ಅನಿಸಿಕೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕುಟುಂಬದ ಹಿರಿಯರಾದ ದೊಡ್ಡಪ್ಪನಿಗೆ ರನ್ ಬೇಕಾಗಿರಲಿಲ್ಲ. ಉದ್ಘಾಟನೆಯ ದಿನ ಅತಿಥಿಗಳ ಎದುರು ಅಣ್ಣ ಬ್ಯಾಟ್ ಹಿಡಿದು ಇಳಿಯಬೇಕು. "ಒಂದು ಬಾಲ್ ಆಡಿ ಬಂದ್ರೂ ಸಾಕು, ಮನೆ ಮರ್ಯಾದೆ." ದುಡ್ಡು ಹಾಕಿದ ಅಂಗಡಿಯವರಿಗೆ ಅಣ್ಣನ ಜೊತೆ ನಿಂತ ಒಂದು ಫೋಟೋ ಸಾಕಿತ್ತು. ಮೈದಾನಕ್ಕೆ ಬರುವ ಹುಡುಗರಿಗೆ ಆ ಹಳೆಯ ಸಿಕ್ಸರ್ ಬೇಕಿತ್ತು, ಅದನ್ನು ಕಣ್ಣಾರೆ ನೋಡಿದವರು ಅವರಲ್ಲಿ ಕಡಿಮೆ. ಅತ್ತಿಗೆಗೆ ಬೇಕಾಗಿದ್ದದ್ದೇ ಬೇರೆ. ಯಾರಾದರೂ ಒಬ್ಬರು ಅವರ ಹತ್ತಿರ ನಿಜವಾಗಿ ಮಾತಾಡಬೇಕು, ಅಷ್ಟೇ. ಫ್ಲೆಕ್ಸ್ ಹಾಕಿದ ಮೇಲೆ ಅಣ್ಣ ಪೇಟೆಗೆ ಬಸ್‌ಸ್ಟ್ಯಾಂಡ್ ದಾರಿ ಬಿಟ್ಟು ಹಿಂದಿನ ರಸ್ತೆಯಲ್ಲಿ ಹೋಗಿ ಬರುತ್ತಿದ್ದಾರೆ ಎಂದು ಹೇಳಿದವರು ಅವರೇ.

ನಾಯಕ ಅಣ್ಣನ ಅಣ್ಣನ ಮಗ, 24ರ ಹುಡುಗ. ತುಂಬಾ ಹೊತ್ತು ಸುಮ್ಮನಿದ್ದು ಕೊನೆಗೆ ಬಾಯಿ ಬಿಟ್ಟ. "ಚಿಕ್ಕಪ್ಪ ಇದ್ರೆ ಸೋತ್ರೂ ಯಾರೂ ನನ್ನ ಬೈಯಲ್ಲ. ಅವ್ರನ್ನ ಬಿಟ್ಟು ಸೋತ್ರೆ ನನ್ನ ಊರು ಬಿಡಿಸ್ತಾರೆ." ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಆ ಹುಡುಗ ಅಣ್ಣನನ್ನು ತಂಡದಲ್ಲಿ ಇಟ್ಟುಕೊಂಡದ್ದು ರನ್ನಿಗಾಗಿ ಅಲ್ಲ, ತನ್ನ ರಕ್ಷಣೆಗೆ. ವಯಸ್ಸಾದ ತಾರೆಗಳು ಅಗತ್ಯಕ್ಕಿಂತ ಜಾಸ್ತಿ ಕಾಲ ತಂಡದಲ್ಲಿ ಉಳಿಯುವುದಕ್ಕೆ ಅವರ ಆಸೆಯನ್ನೇ ದೂರುತ್ತೇವೆ. ಅವರ ನೆರಳಲ್ಲಿ ನಿಂತವರ ಅನುಕೂಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಣ್ಣನನ್ನೂ ಕೇಳಿದೆ. "ಜನ ದುಡ್ಡು ಹಾಕಿದ್ದಾರೆ. ನಾನು ಹೊಡೀಬೇಕಲ್ವಾ?" ಎಂದರು. ಆ ಹೊಡೆತವನ್ನು ಕೇಳುತ್ತಿದ್ದವರು ಅಷ್ಟೂ ಜನರಲ್ಲಿ ಗ್ಯಾಲರಿಯ ಹುಡುಗರು ಮಾತ್ರ. ಉಳಿದವರ ನಿರೀಕ್ಷೆಯನ್ನೆಲ್ಲ ಸೇರಿಸಿ ಅವರೇ ಒಂದು ದೊಡ್ಡ ಮೂಟೆ ಕಟ್ಟಿಕೊಂಡಿದ್ದರು.

ದೊಡ್ಡ ಮೈದಾನದಲ್ಲಿ ಇದರ ಇನ್ನೊಂದು ರೂಪ ನೋಡಿದ್ದೇವೆ. ಸಚಿನ್ ತೆಂಡೂಲ್ಕರ್ 99ನೇ ಅಂತರರಾಷ್ಟ್ರೀಯ ಶತಕ ಹೊಡೆದದ್ದು 2011ರ ಮಾರ್ಚ್ 12ರಂದು ನಾಗಪುರದಲ್ಲಿ. ನೂರನೆಯದು ಬಂದದ್ದು 2012ರ ಮಾರ್ಚ್ 16ರಂದು ಮೀರ್‌ಪುರದಲ್ಲಿ. ನಡುವಿನ ಒಂದು ವರ್ಷ ದೇಶ ಪಂದ್ಯ ನೋಡಲಿಲ್ಲ, ಒಂದು ಸಂಖ್ಯೆಗಾಗಿ ಕಾಯಿತು. ಆ ಸಂಖ್ಯೆ ಬಂದ ದಿನ ಭಾರತ ಬಾಂಗ್ಲಾದೇಶಕ್ಕೆ ಸೋತಿತು.

ಏನೇನು ಮಾಡಿದೆವು

ಕಾಲಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಮೊದಲು ಭಾರವಿಲ್ಲದೆ, ಆಮೇಲೆ ಭಾರ ಹೊತ್ತು. ನೋಯದ ಕಾಲಿನಷ್ಟೇ ಸಲ ನೋವಿನ ಕಾಲೂ ಎತ್ತಿದ ಮೇಲೆ ಜಿಗಿತ, ಆಮೇಲೆ ಓಟ. ನೆಟ್ ಪ್ರಾಕ್ಟೀಸ್ ಕತ್ತಲಾಗುವ ಮೊದಲೇ ಮುಗಿಸಬೇಕಿತ್ತು. ಅದು ನನ್ನ ನಿಯಮ ಅಲ್ಲ, ತೋಟದ ದಾರಿಯಲ್ಲಿ ದಾಟುವ ಆನೆಗಳದು. ಒಟ್ಟಿನಲ್ಲಿ ದಿನದ ಅಭ್ಯಾಸ ಹದದಲ್ಲೇ ಇತ್ತು. ಫೀಲ್ಡಿಂಗ್‌ನಲ್ಲಿ ಅಣ್ಣ ಸ್ಲಿಪ್ ಅಥವಾ ಶಾರ್ಟ್ ಮಿಡ್ವಿಕೆಟ್ ಎಂದಾಯಿತು. ನೋವಿನ ಮಾತ್ರೆ ನುಂಗಿ ಆಡುವಂತಿಲ್ಲ, ಕಾಲು ಬಿಗಿದರೆ ಆ ಕ್ಷಣವೇ ನಾಯಕನಿಗೆ ಹೇಳಬೇಕು ಎಂದೂ ಮಾತಾಯಿತು.

ಯಾರೋ ರನ್ನರ್ ಕೊಡೋಣ ಎಂದರು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ರನ್ನರ್ ಪದ್ಧತಿಯನ್ನು 2011ರಲ್ಲೇ ತೆಗೆದುಹಾಕಿದ್ದಾರೆ. ಕ್ರಿಕೆಟ್‌ನ ಮೂಲ ನಿಯಮಗಳಲ್ಲಿ ಈಗಲೂ ಇದೆ, ಆದರೆ ಗಾಯ ಆ ಪಂದ್ಯದಲ್ಲೇ ಆಗಿರಬೇಕು. ಹೋದ ವರ್ಷದ ಗಾಯಕ್ಕೆ ಈ ವರ್ಷ ರನ್ನರ್ ಸಿಗುವುದಿಲ್ಲ ಎಂದು ಅಂಪೈರ್ ನಕ್ಕರು.

ಬ್ಯಾಟಿಂಗ್ ಕ್ರಮದ ವಿಷಯದಲ್ಲಿ ನಾಯಕನ ಯೋಚನೆ, ಚಿಕ್ಕಪ್ಪ ನಾಲ್ಕರ ಬದಲು ಏಳನೆಯವರಾಗಿ ಬರಲಿ. ಕೊನೆಯ ಎರಡು ಓವರ್ ಇರುವಾಗ ಬಂದು ಒಂದೆರಡು ದೊಡ್ಡ ಹೊಡೆತ ಹೊಡೆಯಲಿ, ಜಾಸ್ತಿ ಓಡುವುದೂ ಬೇಡ. ಕೇಳಲು ಚೆನ್ನಾಗಿತ್ತು. ಎಲ್ಲರೂ ಒಪ್ಪಿದರು.

ಎರಡನೇ ತಿರುವು: ಉದ್ಘಾಟನೆಯ ಪಂದ್ಯ

ಹತ್ತು ಓವರ್‌ಗಳ ಪಂದ್ಯ, ಮ್ಯಾಟ್ ಹಾಸಿದ ಪಿಚ್, ಸೋತರೆ ಅಲ್ಲಿಗೆ ಮುಗಿಯಿತು. ನಮ್ಮವರು ಮೊದಲು ಬ್ಯಾಟಿಂಗ್ ಮಾಡಿದರು. ನಾಯಕ ಚೆನ್ನಾಗಿ ಆಡುತ್ತಿದ್ದ. ಆ ಕಡೆ ಮಾತ್ರ ವಿಕೆಟ್ ಬೀಳುತ್ತಿತ್ತು. ಮೂರನೇ ವಿಕೆಟ್ ಬಿದ್ದಾಗ ಗ್ಯಾಲರಿಯಲ್ಲಿ ಸಣ್ಣ ಚಪ್ಪಾಳೆ. ನಾಲ್ಕನೆಯದಕ್ಕೆ ಶಿಳ್ಳೆ. ವಿವರಣೆಕಾರ ಮೈಕಿನಲ್ಲಿ "ಇನ್ನೊಂದೇ ವಿಕೆಟ್, ಆಮೇಲೆ ನಮ್ಮ ಅಣ್ಣ!" ಎಂದು ಕೂಗಿದ. ಆತಿಥೇಯರು ಕಷ್ಟದಲ್ಲಿರುವುದನ್ನು ಆತಿಥೇಯರ ಮೈಕೇ ಸಂಭ್ರಮಿಸುತ್ತಿತ್ತು.

34 ರನ್ ಮಾಡಿದ್ದ ನಾಯಕ ಲಾಂಗಾನ್‌ನಲ್ಲಿ ಕ್ಯಾಚ್ ಕೊಟ್ಟ. ಮೈದಾನ ಎದ್ದು ನಿಂತಿತು. ವಾಲಗ ಶುರುವಾಯಿತು. ಅವನು ಬ್ಯಾಟ್ ಎಳೆದುಕೊಂಡು ಬರುತ್ತಿದ್ದ, ಎದುರಿನಿಂದ ಅಣ್ಣ ಹೋಗುತ್ತಿದ್ದರು. ಆ ಗದ್ದಲದಲ್ಲಿ ಒಂದು ಚಪ್ಪಾಳೆಯೂ ಆ 34 ರನ್ನಿಗೆ ಇರಲಿಲ್ಲ.

ಅಣ್ಣ ಮುಕ್ಕಾಲು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಾಲು ತಣ್ಣಗಾಗಿ ಬಿಗಿದಿತ್ತು. ಮೊದಲ ಎರಡು ರನ್ ಓಡುವಾಗಲೇ ಕುಂಟಿದರು. ಆಮೇಲಿನ ಬಾಲನ್ನು ಎತ್ತಿ ಹೊಡೆಯಲು ಹೋಗಿ ಔಟಾದರು. ಪಂದ್ಯವನ್ನು ಉಳಿಸಿದ್ದು ಬೌಲರ್‌ಗಳು. ದೊಡ್ಡಪ್ಪನ ಆಸೆಯೂ ಕೈಗೂಡಲಿಲ್ಲ. ಅಣ್ಣ ಕ್ರೀಸಿಗೆ ಬರುವಷ್ಟರಲ್ಲಿ ಮುಖ್ಯ ಅತಿಥಿಗಳು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಹೋಗಿದ್ದರು.

ಇದು ನಮ್ಮೂರಿನ ಜನರ ತಪ್ಪು ಎಂದುಕೊಳ್ಳಬೇಡಿ. ಐಪಿಎಲ್‌ನಲ್ಲಿ, ಚೆನ್ನೈಯಲ್ಲಿ ಧೋನಿ ಬರಲಿ ಎಂದು ಸ್ವಂತ ತಂಡದ ವಿಕೆಟ್ ಬಿದ್ದಾಗ ಗ್ಯಾಲರಿ ಕುಣಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ತಾನು ಮೇಲಿನ ಕ್ರಮಾಂಕದಲ್ಲಿ ಬಂದರೆ ಜನ ತನ್ನ ಔಟ್‌ಗಾಗಿ ಕಾಯುತ್ತಾರೆ ಎಂದು 2023ರಲ್ಲಿ, ಆಗ ಅದೇ ತಂಡದಲ್ಲಿದ್ದ ರವೀಂದ್ರ ಜಡೇಜ ನಗುತ್ತಲೇ ಹೇಳಿದ್ದರು. 2025ರ ಮಾರ್ಚ್ 28ರಂದು ಚೆಪಾಕ್‌ನಲ್ಲಿ ಬೆಂಗಳೂರು ತಂಡದ ಎದುರು ಧೋನಿ ಒಂಬತ್ತನೆಯವರಾಗಿ ಬಂದು 16 ಬಾಲಿಗೆ 30 ಹೊಡೆದರು. ಪಂದ್ಯ ಅಷ್ಟರಲ್ಲಿ ಕೈತಪ್ಪಿತ್ತು, ಚೆನ್ನೈ 50 ರನ್‌ಗಳಿಂದ ಸೋತಿತು. ಮಂಡಿಯ ಕಾರಣಕ್ಕೆ ಅವರು ಹತ್ತು ಓವರ್ ಬ್ಯಾಟಿಂಗ್ ಮಾಡುವ ಹಾಗಿಲ್ಲ ಎಂದು ಕೋಚ್ ಫ್ಲೆಮಿಂಗ್ ಆಮೇಲೆ ವಿವರಿಸಬೇಕಾಯಿತು.

ವಯಸ್ಸಾದ ಆಟಗಾರನನ್ನು ಕೆಳಗಿನ ಕ್ರಮಾಂಕಕ್ಕೆ ಇಳಿಸಿದರೆ ಭಾರ ಇಳಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾವು ನೋಡಿದ್ದು ಅದರ ಉಲ್ಟಾ. ಅವರು ತಡವಾಗಿ ಬಂದಷ್ಟೂ ಜನರ ಕಾಯುವಿಕೆ ಉದ್ದವಾಗುತ್ತದೆ. ಸಿಗುವ ಬಾಲು ಕಡಿಮೆಯಾದಷ್ಟೂ ಪ್ರತಿ ಬಾಲಿನ ಮೇಲೆ ಕಣ್ಣು ಜಾಸ್ತಿ. ಉಳಿದ ಬ್ಯಾಟರ್‌ಗಳೆಲ್ಲ ಅವರ ದಾರಿಗೆ ಅಡ್ಡ ನಿಂತವರಾಗುತ್ತಾರೆ.

ಆ ಸಂಜೆ ಅಣ್ಣ ನನ್ನ ಎದುರು ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದರು. ಕಾಲಿನ ಮಾತೇ ಎತ್ತಲಿಲ್ಲ. "ನಮ್ಮ ಹುಡುಗ ಔಟಾಗಿದ್ದಕ್ಕೆ ವಾಲಗ ಊದಿದ್ರಲ್ಲ. ಅದು ನನ್ಗೆ ಕೇಳಿಸ್ತು" ಎಂದರು. ಆಮೇಲೆ ನಾಯಕನನ್ನು ಕರೆಸಿದರು.

ಮೊದಲೇ ಕಳಿಸಿ

ಓಪನಿಂಗ್ ಮಾಡುವ ಮಾತು ಅಣ್ಣನ ಬಾಯಿಂದಲೇ ಬಂತು. ನಾಯಕ ಹೆದರಿದ. ಲೆದರ್ ಬಾಲು, ಮ್ಯಾಟ್ ಮೇಲೆ ಹೊಸದರಲ್ಲಿ ಚೆನ್ನಾಗಿ ಎದ್ದು ಬರುತ್ತದೆ. ಎದುರಾಳಿಯ ವೇಗದ ಹುಡುಗ ಮೊದಲ ಓವರಿಗೇ ಸಿಗುತ್ತಾನೆ. ಬೇಗ ಔಟಾಗುವ ಸಾಧ್ಯತೆಯೇ ಜಾಸ್ತಿ.

ನನ್ನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ ಇತ್ತು. ಓಪನರ್ ವಾರ್ಮಪ್ ಮುಗಿಸಿ ನೇರವಾಗಿ ಕ್ರೀಸಿಗೆ ಹೋಗುತ್ತಾನೆ, ಸ್ನಾಯು ತಣ್ಣಗಾಗಲು ಸಮಯವೇ ಇಲ್ಲ. ಮೊದಲ ಓವರ್‌ಗಳಲ್ಲಿ ಫೀಲ್ಡರ್‌ಗಳು ಹತ್ತಿರ ಇರುತ್ತಾರೆ. ಅವರ ನಡುವೆ ಬಾಲು ತಳ್ಳಿದರೆ ಬೌಂಡರಿ, ಓಡಬೇಕಿಲ್ಲ. ಕೊನೆಯ ಓವರ್‌ಗಳಲ್ಲಿ ಒಂದನ್ನು ಎರಡು ಮಾಡಲೇಬೇಕು, ಹರಿದ ಮೀನಖಂಡಕ್ಕೆ ಅದೇ ಶತ್ರು. ಬೇಗ ಔಟಾದರೆ ಅವರ ವಿಕೆಟ್ ಹೋಯಿತು ಅಷ್ಟೇ, ಇಡೀ ಇನಿಂಗ್ಸ್ ಅವರಿಗಾಗಿ ಕಾಯಬೇಕಾಗಿಲ್ಲ.

ಎಂದಿನ ಓಪನರ್ ಒಬ್ಬ ಕೆಳಗೆ ಹೋಗಬೇಕಾಯಿತು. ಅವನಿಗೆ ಬೇಜಾರಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ನನ್ನ ಪ್ರಕಾರ ಅವನ ಬೇಜಾರು ನ್ಯಾಯವಾದದ್ದೇ.

ಇದರ ಜೊತೆ ಸಣ್ಣ ಪುಟ್ಟ ಕೆಲಸಗಳೂ ಆದವು. ವಿವರಣೆಕಾರನಿಗೆ ದೊಡ್ಡಪ್ಪನೇ ಹೇಳಿದರು, ಮುಂದೆ ಬರುವವರ ಹೆಸರು ಕೂಗಬೇಡ, ಆಡುತ್ತಿರುವವನ ಹೆಸರು ಹೇಳು. ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಬದಲಾಯಿತು, ಇಡೀ ತಂಡದ ಫೋಟೋ ಬಂತು. ಅಂಗಡಿಯವರು ಫೋಟೋ ತೆಗೆಸಿಕೊಂಡರು, ಅವರ ಪಾಲು ಅಲ್ಲಿಗೆ ಮುಗಿಯಿತು.

ಎರಡನೇ ಪಂದ್ಯದಲ್ಲಿ ಅಣ್ಣ 11 ಬಾಲಿಗೆ 19. ನಾಲ್ಕು ಬೌಂಡರಿ, ಎಲ್ಲವೂ ನೆಲದ ಮೇಲೆ. ಔಟಾಗಿ ಬಂದಾಗ ಜನ ಎದ್ದು ಚಪ್ಪಾಳೆ ತಟ್ಟಿದರು, ಕೂತರು, ಉಳಿದ ಆಟ ನೋಡಿದರು. ಮೂರನೇ ಪಂದ್ಯದಲ್ಲಿ ಮೊದಲ ಬಾಲಿಗೇ ಬೌಲ್ಡ್. ಮೈದಾನ ಸ್ವಲ್ಪ ಹೊತ್ತು ತಣ್ಣಗಾಯಿತು. ಕೆಲವರು ಎದ್ದು ಹೋದರು, ಚರುಮುರಿಯವನ ಹತ್ತಿರ ಜನ ಸೇರಿದರು. ಎರಡು ಓವರ್ ಕಳೆಯುವಷ್ಟರಲ್ಲಿ ನಾಯಕ ಹೊಡೆಯತೊಡಗಿದ, ಹೋದವರು ವಾಪಸ್ ಬಂದರು. ಅವನ ಐವತ್ತಕ್ಕೆ ವಾಲಗ ಊದಿದರು. ಅಣ್ಣ ಏಳನೆಯವರಾಗಿದ್ದರೆ ಆ ಐವತ್ತನ್ನು ಯಾರೂ ನೋಡುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ವಿದಾಯದ ಜಗಳ

ಇಷ್ಟರಲ್ಲಿ ಸಮಿತಿಯವರು ಒಂದು ಯೋಜನೆ ತಂದರು. ಇದು ಅಣ್ಣನ ಕೊನೆಯ ಟೂರ್ನಿ ಎಂದು ಘೋಷಿಸೋಣ, ಫೈನಲ್ ದಿನ ಸನ್ಮಾನ ಮಾಡೋಣ. ಅಣ್ಣ ಕಡ್ಡಿ ಮುರಿದ ಹಾಗೆ ಬೇಡ ಎಂದರು. ಅವರ ಕಾರಣ ನನಗೆ ಹಿಡಿಸಿತು. "ಕೊನೇ ಮ್ಯಾಚ್ ಅಂತ ಅನೌನ್ಸ್ ಮಾಡಿದ್ರೆ ಎದುರಿನ ಹುಡುಗ ಸುಮ್ನೆ ಫುಲ್‌ಟಾಸ್ ಹಾಕ್ತಾನೆ. ಅದನ್ನ ಹೊಡೆದು ನಾನೇನು ಮಾಡ್ಲಿ?"

ಡಾನ್ ಬ್ರಾಡ್ಮನ್‌ಗೆ ಅಂಥ ಬಾಲು ಸಿಗಲಿಲ್ಲ. 1948ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಕೊನೆಯ ಸಲ ಇಳಿದಾಗ ಇಂಗ್ಲೆಂಡ್ ಆಟಗಾರರೇ ಸುತ್ತ ನಿಂತು ಜೈಕಾರ ಹಾಕಿದರು. ಎರಡನೇ ಬಾಲಿನಲ್ಲಿ ಎರಿಕ್ ಹಾಲಿಸ್ ಬೌಲ್ಡ್ ಮಾಡಿದರು. ನಾಲ್ಕು ರನ್ ಬಂದಿದ್ದರೆ ಸರಾಸರಿ 100 ಆಗುತ್ತಿತ್ತು, 99.94ಕ್ಕೆ ನಿಂತಿತು. ನನಗೆ ಆ ಸೊನ್ನೆಯಲ್ಲಿ ಆಟದ ಮೇಲಿನ ಗೌರವವೇ ಕಾಣುತ್ತದೆ. ಇದನ್ನು ಹೇಳಿದಾಗ ಸಮಿತಿಯ ಒಬ್ಬರು "ಹಾಗಾದ್ರೆ ಶಾಲು ಯಾರಿಗೆ ಹಾಕೋದು?" ಎಂದು ಕೇಳಿದರು. ಶಾಲು ಆಗಲೇ ಬಂದಿತ್ತು. ಮೈದಾನ ಸಮ ಮಾಡಿದ ಟ್ರ್ಯಾಕ್ಟರ್‌ನ ಡ್ರೈವರ್‌ಗೆ ಹಾಕಿದರು.

ಮೂರನೇ ತಿರುವು: ಕ್ವಾರ್ಟರ್ ಫೈನಲ್

ಮೂರನೇ ಪಂದ್ಯದಲ್ಲಿ ಫೀಲ್ಡಿಂಗ್ ಮಾಡುವಾಗ ಅಣ್ಣನ ಕಾಲು ಬಿಗಿದಿತ್ತು. ಮಾತಿನಂತೆ ಕೂಡಲೇ ಹೇಳಿದರು. ನಾನು ನೋಡಿದೆ, ಹರಿದಿರಲಿಲ್ಲ. ಒಂದು ದಿನದ ವಿಶ್ರಾಂತಿಯಲ್ಲಿ ಆಡಬಹುದು, ಆಡದಿದ್ದರೆ ಒಳ್ಳೆಯದು, ಎರಡನ್ನೂ ಹೇಳಿದೆ. ಕೆಳಗೆ ಹೋಗಿದ್ದ ಆ ಓಪನರ್ ಹುಡುಗ ಒಳ್ಳೆಯ ಫಾರ್ಮ್‌ನಲ್ಲಿದ್ದ. ಹೊರಗೆ ಕೂತಿದ್ದ ಇನ್ನೊಬ್ಬ ಹುಡುಗ ಫೀಲ್ಡಿಂಗ್‌ನಲ್ಲಿ ಚುರುಕು. ಅಣ್ಣ ನಾಯಕನಿಗೆ, "ಲಿಸ್ಟ್‌ನಲ್ಲಿ ನನ್ನ ಹೆಸರು ಬರೀಬೇಡ" ಎಂದರು.

ವಾಟ್ಸಾಪ್ ಗುಂಪುಗಳಲ್ಲಿ ರಾತ್ರಿಯೇ ಬೆಂಕಿ ಹತ್ತಿಕೊಂಡಿತು. ಅಣ್ಣನನ್ನು ಕೈಬಿಟ್ಟಿದ್ದಾರಂತೆ, ನಿನ್ನೆ ಮೊನ್ನೆಯ ಹುಡುಗನಿಗೆ ಸೊಕ್ಕಂತೆ. ನಾಯಕನಿಗೆ ಬಂದ ವಾಯ್ಸ್ ಮೆಸೇಜ್‌ಗಳನ್ನು ಕೇಳಿದೆ, ಇಲ್ಲಿ ಬರೆಯುವಂಥದ್ದಲ್ಲ. ಕಾಲುನೋವು ಎಂದು ಹೇಳಿಸಿ ಮುಗಿಸೋಣ ಎಂದು ಮತ್ತೆ ಸಲಹೆ ಬಂತು.

ಟಾಸ್ ಆದ ಮೇಲೆ ಅಣ್ಣ ವಿವರಣೆಕಾರನ ಮೈಕ್ ಕೇಳಿ ತೆಗೆದುಕೊಂಡರು. "ಕಾಲು ನೋವಿದೆ, ಆದ್ರೆ ಅದು ಪೂರ್ತಿ ಕಾರಣ ಅಲ್ಲ. ಇವತ್ತು ನನಗಿಂತ ಚೆನ್ನಾಗಿ ಆಡೋ ಹುಡುಗ ಇದ್ದಾನೆ. ನನ್ನನ್ನ ಯಾರೂ ತೆಗ್ದಿಲ್ಲ, ನಾನೇ ಬಿಟ್ಟಿದ್ದು. ಬೈಯೋದಿದ್ರೆ ನನ್ನ ಬೈರಿ." ಇಷ್ಟೇ ಮಾತು. ಬಂದು ನೀರಿನ ಕ್ಯಾನ್ ಪಕ್ಕ ಕೂತರು.

2025ರ ಜನವರಿಯಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ರೋಹಿತ್ ಶರ್ಮಾ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಟಾಸ್ ಹೊತ್ತಿನಲ್ಲಿ, ಅವರ ಬದಲು ನಾಯಕನಾದ ಬುಮ್ರಾ ಬಾಯಲ್ಲಿ ಬಂದದ್ದು ವಿಶ್ರಾಂತಿ ಎನ್ನುವ ಮಾತು. ಫಾರ್ಮ್ ಇಲ್ಲ, ಅದಕ್ಕೇ ಹೊರಗೆ ಉಳಿದೆ, ನಿವೃತ್ತಿ ಅಲ್ಲ ಎಂದು ಆಮೇಲೆ ರೋಹಿತ್ ಅವರೇ ಸಂದರ್ಶನದಲ್ಲಿ ಬಿಡಿಸಿ ಹೇಳಿದರು. ಹೊರಗೆ ಉಳಿದವನೇ ಕಾರಣ ಹೇಳಿದರೆ ಗಾಳಿಸುದ್ದಿಗೆ ಜಾಗ ಕಮ್ಮಿ. ನಾಯಕನೋ ಡಾಕ್ಟರೋ ಹೇಳಿದರೆ ಜನ ಅದರ ಹಿಂದೆ ಇನ್ನೇನೋ ಹುಡುಕುತ್ತಾರೆ.

ಆ ಪಂದ್ಯ ಸೋತೆವು. ಏಳು ರನ್ನಿನ ಸೋಲು. ಅಣ್ಣ ಆಡಿದ್ದರೆ ಗೆಲ್ಲುತ್ತಿದ್ದೆವು ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಅದನ್ನು ಸುಳ್ಳು ಎಂದು ತೋರಿಸಲು ಯಾರಿಂದಲೂ ಆಗುವುದಿಲ್ಲ. ನಾಯಕನಿಗೆ ಬಂದ ಬೈಗುಳ ಕಮ್ಮಿಯಾಯಿತು, ನಿಲ್ಲಲಿಲ್ಲ.

ಇದರಿಂದ ಬೇರೆ ತಂಡಗಳಿಗೆ

ಆಮೇಲೆ ಇನ್ನೊಂದೆರಡು ಕುಟುಂಬದವರು ಇಂಥದ್ದೇ ಪ್ರಶ್ನೆ ಹಿಡಿದು ಬಂದಿದ್ದಾರೆ. ಒಂದು ಹಾಕಿ ತಂಡ, ಒಂದು ಹಗ್ಗಜಗ್ಗಾಟದ ತಂಡ. ಅವರಿಗೆ ಮೊದಲು ಹೇಳುವುದು, ಜನ ಏನು ಬಯಸುತ್ತಾರೆ ಎಂದು ಒಟ್ಟಾಗಿ ಕೇಳಬೇಡಿ, ಹೆಸರು ಹಿಡಿದು ಕೇಳಿ. ಹಿರಿಯರಿಗೆ ಬೇಕಾದದ್ದು ಒಂದು ಬಾಲಿನಲ್ಲಿ ಮುಗಿಯಬಹುದು, ದುಡ್ಡು ಹಾಕಿದವರದ್ದು ಒಂದು ಫೋಟೋದಲ್ಲಿ. ಉಳಿದದ್ದು ಎಷ್ಟು ಎಂದು ಆಮೇಲೆ ನೋಡಿ. ಎರಡನೆಯದು, ನಾಯಕನನ್ನು ಒಬ್ಬನೇ ಕೂರಿಸಿ ಕೇಳಿ. ಹಿರಿಯ ಆಟಗಾರ ಇರುವುದು ಆಟಕ್ಕೋ, ನಿನ್ನ ರಕ್ಷಣೆಗೋ?

ಬೇಗ ಕಳಿಸುವ ಉಪಾಯ ಎಲ್ಲ ಕಡೆ ನಡೆಯುತ್ತದೆ ಎಂದು ಹೇಳಲಾರೆ. ಹಾಕಿಯಲ್ಲಿ ಓಪನಿಂಗ್ ಎನ್ನುವುದೇ ಇಲ್ಲ. ಆ ತಂಡ ಹಿರಿಯ ಆಟಗಾರನನ್ನು ಮೊದಲ ಕ್ವಾರ್ಟರ್‌ನಲ್ಲೇ ಆಡಿಸಿ ಹೊರಗೆ ಕರೆಯಿತು. ಅಲ್ಲಿ ಅದು ಅರ್ಧಂಬರ್ಧ ನಡೆಯಿತು, ಮೂರನೇ ಕ್ವಾರ್ಟರ್‌ನಲ್ಲಿ ಗ್ಯಾಲರಿ ಮತ್ತೆ ಅವರ ಹೆಸರು ಕೂಗತೊಡಗಿತು.

ಅಣ್ಣ ನಿವೃತ್ತಿ ಹೇಳಿಲ್ಲ. ಬೆಳಗಿನ ಹಿಮ್ಮಡಿ ವ್ಯಾಯಾಮ ಬಿಟ್ಟಿಲ್ಲ ಎಂದು ಅತ್ತಿಗೆ ಹೇಳುತ್ತಾರೆ. ಮುಂದಿನ ಟೂರ್ನಿಗೆ ಆಡಬೇಕೇ ಬೇಡವೇ ಎನ್ನುವುದಕ್ಕೆ ಅವರದು ಎರಡೇ ಷರತ್ತು. ಕೇಳುವುದಿದ್ದರೆ ನಾಯಕನೇ ಬಂದು ಕೇಳಬೇಕು, ದೊಡ್ಡಪ್ಪನ ಕೈಯಲ್ಲಿ ಹೇಳಿಸಬಾರದು. ಕೇಳುವುದಾದರೆ ಪುತ್ತರಿ ಹಬ್ಬದ ಒಳಗೆ ಕೇಳಬೇಕು, ಆಮೇಲೆ ಕಾಫಿ ಕುಯ್ಲು ಶುರುವಾಗುತ್ತದೆ. ನಾಯಕ ಇನ್ನೂ ಹೋಗಿಲ್ಲ. ಹೋಗಿ ಕೇಳಲೋ, ಹೋಗಿ ಬೇಡ ಎನ್ನಲೋ ಎಂದು ನನ್ನನ್ನು ಕೇಳಿದ. ಎರಡಕ್ಕೂ ನೀನೇ ಹೋಗಬೇಕು ಎಂದೆ.